ಪೂಜೆಗಿಟ್ಟ ರಿವಾಲ್ವರ್

ಕರೀಂ ಸಾಬರು ರಿವಾಲ್ವರಿನ ಹಳೆಯ ಗುಂಡುಗಳನ್ನು ಮೇಜಿನ ಮೇಲೆ ಸುರಿದಾಗ, ಕುಂಕುಮ ಬೆರೆತ ಎಣ್ಣೆಯ ಜಿಡ್ಡೂ ಇಳಿಯಿತು.

"ಆಯುಧಪೂಜಿಗೆ ನಾನ ಎಣ್ಣಿ ಬಿಟ್ಟಿದ್ದೆರಿ, ತುಕ್ಕು ಹಿಡೀಬಾರ್ದಂತ," ಎಂದಳು ಅನಸೂಯಾ. ಗಂಡ ಎರ್ರಿಸ್ವಾಮಿಯ ಜೊತೆ ಸಂಡೂರಿನಿಂದ ಹೊಸಪೇಟೆಯ ಈ ಬಂದೂಕಿನ ಅಂಗಡಿಗೆ ಬಂದಿದ್ದಳು.

"ಎಣ್ಣಿ ಒಳಗಿಳಿದ್ರ ಗುಂಡು ಹಾರಂಗಿಲ್ಲಮ್ಮ." ಸಾಬರು ಎರಡು ಡಬ್ಬಿ ತೆಗೆದಿಟ್ಟರು. "ಗಿಡ್ಡ ನಳಿಗಿ, ಹಳೇ ಕಾಲದ್ದು. ಜೋರಿನ ಗುಂಡು ತಡಿಯಂಗಿಲ್ಲ. ಜೀವ ಉಳಿಸ್ಕೊಳ್ಳಾಕ ಈ ಸಾದಾ ಗುಂಡ ಸಾಕ್ರಿ."

"ಜೋರಿಂದ ಕೊಡ್ರಿ," ಎಂದ ಎರ್ರಿಸ್ವಾಮಿ.

ಸಾಬರು ಹಳೆಯ ಗುಂಡೊಂದನ್ನು ಒರೆಸಿ ಬೆಳಕಿಗೆ ಹಿಡಿದರು. ಅದರ ಹಿಂಬದಿಯ ನಟ್ಟನಡುವೆ ಸಣ್ಣ ಗುಳಿ ಬಿದ್ದಿತ್ತು. "ಇದನ್ನ ಹೊಡಿಯಾಕ ನೋಡೀರಲ್ಲ? ಟ್ರಿಗರ್ ಒತ್ತಿದ್ರನ ಹಿಂಗ ಗುಳಿ ಬೀಳೋದು."

ಹೋದ ವಾರ ಹೊಲದ ಬದುವಿನ ಜಗಳದಲ್ಲಿ ಎರ್ರಿಸ್ವಾಮಿ ಅನಸೂಯಾಳ ತಮ್ಮ ಯಲ್ಲೇಶನ ಮುಂದೆ ರಿವಾಲ್ವರ್ ತೆಗೆದಿದ್ದ. "ಬರೇ ತೋರ್ಸಿ ಹೆದರ್ಸೀನಿ," ಎಂದು ಮನೆಗೆ ಬಂದು ಹೇಳಿದ್ದ. ಅವಳು ನಂಬಿದ್ದಳು.

ಅನಸೂಯಾ ಎರಡೂ ಡಬ್ಬಿಗಳನ್ನು ಸಾಬರ ಕಡೆಗೆ ಸರಿಸಿದಳು. "ಯಾವ್ದೂ ಬ್ಯಾಡ್ರಿ." ಗುಳಿ ಬಿದ್ದ ಗುಂಡನ್ನು ಎತ್ತಿಕೊಂಡು, ಸೆರಗಿನ ತುದಿಯಲ್ಲಿಟ್ಟು ಬಿಗಿಯಾಗಿ ಗಂಟು ಹಾಕಿದಳು.