ರಸ್ತೆಗೆ ಅಡ್ಡ ಹಾಕಿದ ಹೊರಸು

ಗೋವಿನಜೋಳದ ದಂಟು ಸುಟ್ಟ ಹೊಗೆಯ ವಾಸನೆ ಬಂದರೆ ಸಾಕು, ಇವತ್ತಿಗೂ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ.

ಆ ಮಧ್ಯಾಹ್ನ, ಬ್ಯಾಡಗಿ ರಸ್ತೆಗೆ ತಾಗಿದ ನಮ್ಮ ಹೊಲದಲ್ಲಿ ಅಜ್ಜ ದಂಟಿಗೆ ಬೆಂಕಿ ಹಚ್ಚಿದ್ದ. ಗಾಳಿ ತಿರುಗಿ ಹೊಗೆಯೆಲ್ಲ ರಸ್ತೆಯ ಮೇಲೆ ಕವಿಯಿತು. ಟೆಂಪೊ ಒಂದು ವೇಗ ತಗ್ಗಿಸದೆ ಅದರೊಳಗೆ ನುಗ್ಗಿ ಹೋಯಿತು. ಅಜ್ಜಿ ತನ್ನ ಕೆಂಪು ಸೀರೆಯೊಂದನ್ನು ಅಜ್ಜನ ಕೈಗೆ ಕೊಟ್ಟು, ಹೊಗೆಯ ಆಚೆ ನಿಂತು ಗಾಡಿ ತಡೆಯಲು ಕಳಿಸಿದಳು. ಈಚೆ ತಾನೇ ಗುಡಿಸಲಿನ ನುಲಿ ಹೆಣೆದ ಹೊರಸುಮಂಚವನ್ನು ಎಳೆತಂದು, ರಸ್ತೆಗೆ ಅಡ್ಡ ಹಾಕಿ ಕೂತುಬಿಟ್ಟಳು. ನಾನು ಬದುವಿನ ಮೇಲಿದ್ದೆ.

ಕಾರೊಂದು ಬಂದು ನಿಂತು ಹಾರ್ನು ಹೊಡೆಯಿತು.

“ಏ ಅಜ್ಜಿ, ಬಾಜೂ ಸರಿ! ರಾಣೆಬೆನ್ನೂರಿಗೆ ಲಗೂ ಹೋಗಬೇಕೈತಿ,” ಎಂದ ಕಾರಿನವನು.

“ಹೊಗಿಯಾಗ ಯಾರದಾರ ಅಂತ ನಿನಗ ಕಾಣಸ್ತೈತೇನಪಾ?”

“ಯಾರೂ ಇಲ್ಲ ಬಿಡಬೇ.”

“ಕಾಣದ ಹೆಂಗ ಹೇಳ್ತಿ? ಬೆಂಕಿ ಹಚ್ಚಿದವರು ನಾವು. ಹೊಗಿ ಸರಿಯೂತನಕ ನಾ ಏಳಂಗಿಲ್ಲ.”

ಅವನು ಹಾರ್ನನ್ನು ಒತ್ತಿ ಹಿಡಿದ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತೇ ಇದ್ದಳು.

ಹೊಗೆ ತೆಳುವಾಯಿತು. ನಡುರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು ಬಿದ್ದಿತ್ತು. ಪಕ್ಕದಲ್ಲಿ ಒಬ್ಬ ಕೂತು, ಕೆಮ್ಮುತ್ತ ಚಪ್ಪಲಿ ತಡಕುತ್ತಿದ್ದ.

ಹಾರ್ನು ನಿಂತಿತು. ಅಜ್ಜಿ ಮಾತ್ರ ಏಳಲಿಲ್ಲ.

“ಇಳದ ಹೋಗಿ ಅವನ್ನ ಎಬ್ಬಿಸು. ಆಮ್ಯಾಲ ಹೊರಸು ತಗೀತೇನಿ.”