ಗಾಜಿನ ಮೇಲಿನ ಕೈ

ಮಾಗಿಯ ಬೆಳಗ್ಗೆ, ಬಿಸಿಲು ಅಂಗಳಕ್ಕಿಳಿಯುವ ಮೊದಲು, ಶವದ ಫ್ರೀಜರ್ ಪೆಟ್ಟಿಗೆಯ ಗಾಜಿನ ಮೇಲಿಟ್ಟ ಕೈಯನ್ನು ನಾಗಲಕ್ಷ್ಮಮ್ಮ ತೆಗೆಯಲೇ ಇಲ್ಲ. ಒಳಗೆ ಅವರ ಗಂಡ ವೆಂಕಟರಮಣಪ್ಪ ಮಲಗಿದ್ದರು. ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯಲ್ಲಿ ಹೆಣ ಎತ್ತುವ ತನಕ ಯಾರೂ ಮಗ್ಗ ಓಡಿಸುವುದಿಲ್ಲ. ಪೆಟ್ಟಿಗೆಯ ಮೋಟಾರಿನ ಸದ್ದೊಂದೇ ಕೇಳುತ್ತಿತ್ತು.

"ಹೊತ್ತಾಯ್ತು, ಪ್ಲಗ್ ತೆಗಿಯಮ್ಮ ಅರುಣಾ," ಎಂದರು ಚಿಕ್ಕಪ್ಪ.

"ಮುಟ್ಬೇಡ ಕಣೇ!" ಎಂದರು ನಾಗಲಕ್ಷ್ಮಮ್ಮ ಮಗಳಿಗೆ.

ಅರುಣಾ ಬೆಂಗಳೂರಿನ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ಆರ್ಗಾನ್ ಅನಿಲವನ್ನು ಹೆಪ್ಪುಗಟ್ಟಿಸಿ, ಅದರೊಳಗೆ ಒಂದಕ್ಕೊಂದು ಮೆಲ್ಲಗೆ ಅಂಟಿಕೊಂಡ ಅಣುಗಳೆರಡರ ನಡುಕವನ್ನು ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಿಂದ ಗುರುತಿಸುವುದು ಅವಳ ಕೆಲಸ. "ಜೋಡಿ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲಿ ನಾನೂ ನಿಮ್ಮಮ್ಮನೂ ಇಲ್ವಾ?" ಎಂದು ಅಪ್ಪ ನಗುತ್ತಿದ್ದರು.

"ನಿನ್ನ ಆ ಜೋಡಿ, ತಣ್ಣಗಿಟ್ರೆ ಬಿಟ್ಟೋಗಲ್ಲ ಅಂದಿದ್ಯಲ್ಲೇ?" ತಾಯಿ ಕೇಳಿದರು.

"ಎರಡೂ ತಣ್ಣಗಿರ್ಬೇಕಮ್ಮ."

ನಾಗಲಕ್ಷ್ಮಮ್ಮ ಕೈ ಎತ್ತಿ ನೋಡಿದರು. ಗಾಜಿನ ತುಂಬ ಹಬ್ಬಿದ್ದ ಮಂಜು ಅಂಗೈಯಗಲ ಮಾತ್ರ ಕರಗಿತ್ತು. ಅದರಾಚೆ ಗಂಡನ ಮುಖ ಕಂಡಿತು.

"ನಂದು ಇನ್ನೂ ಬೆಚ್ಚಗೈತೆ," ಎಂದರು. "ತೆಗಿ."

ಅರುಣಾ ಪ್ಲಗ್ ಕಿತ್ತಳು. ವೆಂಕಟರಮಣಪ್ಪ ಮನೆಯಿಂದ ಹೊರಟರು.