ಜಪಾನಿಗೆ ಹೋದ ದುರ್ಗಾ

ಫೋನಿನ ಆ ಕಡೆ ಒಬ್ಬ ಗಂಡಸು ನಕ್ಕ.

ಹನುಮಂತು ಕುರ್ಚಿ ಬಿಟ್ಟು ಎದ್ದ. “ಯಾರದು ನಕ್ಕಿದ್ದು?”

“ನಮ್ಮ ಕ್ಲಾಸಿನ ಹುಡುಗ. ಪಾಪ, ನನ್ನ ಚೀಲ ಹೊತ್ಕೊಂಡು ಬಂದಾನ,” ಅಂದಳು ದುರ್ಗಾ.

“ನಿನ್ನ ಚೀಲ ಅವ ಯಾಕ ಹೊರ್ತಾನ?”

“ಇಲ್ಲಿ ಚಳಿ ಭಾಳ. ಮೆಟ್ಲು ಹತ್ತಿ ಹತ್ತಿ ಮೊಣಕಾಲು ಹಿಡ್ಕೊಂಡಾವ. ಇಲ್ಲಿನ ಹುಡುಗ್ರಿಗೆ ಮರ್ಯಾದಿ ಗೊತ್ತೈತಿ, ನಮ್ಮಪ್ಪ.”

“ಮರ್ಯಾದಿ ಅಂತ! ಹುಡುಗ್ರ ಬುದ್ಧಿ ನನಗ ಹೇಳಾಕ ಬರಬ್ಯಾಡ.”

ಹುಡುಗರ ಬುದ್ಧಿ ಹನುಮಂತುವಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದುದಕ್ಕೇ ಭಯ.

ದುರ್ಗಾ ಓದಲು ಜಪಾನಿಗೆ ಹೋಗಿ ವಾರವೂ ತುಂಬಿರಲಿಲ್ಲ. ಅಷ್ಟರಲ್ಲೇ ರಾಯದುರ್ಗದಲ್ಲಿ ಇವನಿಗೆ ಅನ್ನ ಸೇರುತ್ತಿರಲಿಲ್ಲ. ಓದಾದರೂ ಎಂಥದ್ದು? ಡಾಕ್ಟರಿಕೆಯಲ್ಲ, ಇಂಜಿನಿಯರಿಕೆಯಲ್ಲ, ರೇಷ್ಮೆ ಹುಳುವಿನ ಓದು. ಹುಳ ನೋಡಲು ಸಮುದ್ರ ದಾಟಬೇಕೇ ಎಂದು ಅವನು ಆಗಲೇ ಕೂಗಾಡಿದ್ದ. ಮಡಕಶಿರದ ಮಾವ ಲಕ್ಷ್ಮೀನರಸಪ್ಪ ಒಂದೇ ಮಾತಿಗೆ ಬಾಯಿ ಮುಚ್ಚಿಸಿದ್ದರು: “ಹೋಗ್ಲಿ ಬಿಡೋ. ನಮ್ಮ ಹಿಪ್ಪುನೇರಳೆ ತೋಟ್ದಾಗೆ ಓಡಾಡ್ಕಂಡು ಬೆಳೆದೋಳು. ಅಷ್ಟು ದೂರದೋರು ವಿದ್ಯಾರ್ಥಿವೇತನ ಕೊಟ್ಟು ಕರೀತಾವ್ರೆ, ನೀನ್ಯಾಕೆ ಅಡ್ಡಗಾಲು ಹಾಕ್ತೀಯ?”

ಮಾವನಿಗೇನು, ಹೇಳಿ ಎದ್ದು ಹೋದರು. ಮನೆಯ ಮಾನ ಕಾಯಬೇಕಾದ ಗಂಡಸು ಇವನೊಬ್ಬನೇ.

ಹನುಮಂತು ಬಳ್ಳಾರಿಯ ಆಚೆ ಒಬ್ಬನೇ ಕಾಲಿಟ್ಟವನಲ್ಲ. ಆದರೂ ಹೊರದೇಶದಲ್ಲಿ ಹೇಗಿರಬೇಕೆಂಬುದು ಅವನಿಗೆ ತಿಳಿದಷ್ಟು ಇನ್ನಾರಿಗೂ ತಿಳಿಯದು. ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ದುರ್ಗಾಳಿಗೆ ಉಪದೇಶ ಮಾಡಿದ್ದ. ಯಾರೊಡನೆಯೂ ಸಲುಗೆ ಬೇಡ. ಕತ್ತಲಾದ ಮೇಲೆ ಹೊರಗೆ ಹೋಗಬೇಡ. ದಿನಾ ವಿಡಿಯೊ ಕಾಲ್ ಮಾಡು, ಕೋಣೆಯ ನಾಲ್ಕೂ ಮೂಲೆ ತೋರಿಸು. ದುರ್ಗಾ ಎಲ್ಲದಕ್ಕೂ ತಲೆಯಾಡಿಸಿ, ನಗುತ್ತ ಒಳಗೆ ಹೋಗಿದ್ದಳು. ಆ ನಗುವೇ ಅವನಿಗೆ ಸರಿಬಂದಿರಲಿಲ್ಲ.

ಆ ನಗು ಕೇಳಿದ ಫೋನಿನ ಮರುದಿನ ಒಂದು ಫೋಟೊ ಬಂತು. ಸಹಪಾಠಿಗಳ ನಡುವೆ ದುರ್ಗಾ. ಮೂಗಿನ ತುದಿಗೆ ಜಾರಿದ ಕನ್ನಡಕ, ಮುಖದ ತುಂಬ ನಗು, ಕಾಲಿಗೆ ಜೀನ್ಸ್ ಪ್ಯಾಂಟು!

ಹನುಮಂತುವಿನದು ಜೀನ್ಸ್ ಹೊಲಿಯುವ ಕಾರ್ಖಾನೆ. ದೇಶದ ಹೆಂಗಸರಿಗೆಲ್ಲ ಪ್ಯಾಂಟು ಹೊಲಿದು ಕಳಿಸಿದರೆ ಅದು ವ್ಯಾಪಾರ. ಮನೆಯ ಹೆಂಗಸು ಅದನ್ನು ತೊಟ್ಟರೆ ಸಂಸ್ಕೃತಿಯ ನಾಶ. ಎರಡೂ ಬೇರೆ ಬೇರೆ ಇಲಾಖೆ.

ಹೋಟೆಲಿನಲ್ಲಿ ಪಕ್ಕದ ಮನೆಯ ಮರುಳಪ್ಪ ಆ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಚಹಾ ಆರುವ ತನಕ ದುಃಖಪಟ್ಟ.

“ಇವತ್ತು ಪ್ಯಾಂಟು. ನಾಳೆ ಅಲ್ಲೇ ಯಾರನ್ನಾರ ಕಟ್ಕೊಂಡ್ರ ಏನ್ಮಾಡ್ತಿ? ಹೆಣ್ಣುಮಕ್ಕಳನ್ನ ಹದ್ದುಬಸ್ತಿನಾಗ ಇಡಬೇಕು ಹನುಮಂತು. ಕಣೇಕಲ್ಲಿನವ್ರು ಬೇರೆ ಬರೋರದಾರ. ಮನಿ ಪರುವು ಹೋಗ್ತತಿ ನೋಡು.”

ಮರ್ಯಾದೆ ಎಂದಿದ್ದರೆ ಹನುಮಂತು ತಡೆದುಕೊಳ್ಳುತ್ತಿದ್ದನೇನೋ. ಪರುವು ಎಂದು ತೆಲುಗಿನಲ್ಲಿ ಅಂದಾಗ ಅದರ ತೂಕವೇ ಬೇರೆ.

ಕಣೇಕಲ್ಲಿನ ಸಂಬಂಧ ಕುದುರುವ ಹಂತಕ್ಕೆ ಬಂದಿತ್ತು. ಕಾಲುವೆ ನೀರಿನ ಭತ್ತದ ಗದ್ದೆಯವರು, ಒಳ್ಳೆಯ ಜನ. ಭಾನುವಾರ ಮನೆ ನೋಡಲು ಬರುವವರಿದ್ದರು. ಇಂಥ ಹೊತ್ತಿನಲ್ಲಿ ದುರ್ಗಾ ಜಪಾನಿನಲ್ಲಿ ಪ್ಯಾಂಟು ಹಾಕಿಕೊಂಡು ಓದುತ್ತಿದ್ದಾಳೆ ಅಂದರೆ ಮಾತು ಹೊಸ್ತಿಲಲ್ಲೇ ಮುರಿಯುತ್ತದೆ. ಹನುಮಂತು ವಿಡಿಯೊ ಕಾಲ್ ಮಾಡಿದ.

“ವಾಪಸ್ ಬಂದ್ಬಿಡು. ಮೊದ್ಲು ಮದುವಿ ಮುಗೀಲಿ.”

“ಈಗ ಬಿಟ್ಟು ಬಂದ್ರ ಇವ್ರು ಮತ್ತ ಸೀಟು ಕೊಡೂದಿಲ್ಲಪ್ಪ.”

“ಕೊಡದಿದ್ರ ಬಿಡ್ಲಿ. ಹುಳ ಏನು ಓಡಿ ಹೋಗ್ತಾವ?”

“ಈ ಓದಿಗೆ ನಾನು ಎಷ್ಟು ಕಾದೀನಿ ಅಂತ ನಿನಗ ಗೊತ್ತಿಲ್ಲೇನು?”

“ಜನಕ್ಕ ನಾನು ಏನಂತ ಉತ್ತರ ಕೊಡ್ಲಿ, ಅದನ್ನ ಹೇಳು.”

ದುರ್ಗಾಳ ಹಿಂದಿನ ಗೋಡೆಯ ತುಂಬ ಜಪಾನಿ ಅಕ್ಷರಗಳ ಚೀಟಿಗಳು ಅಂಟಿದ್ದವು. ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ ಕಣ್ಣು.

“ಆಯ್ತು. ನನ್ನಿಂದ ಮದುವಿ ನಿಲ್ಲಬಾರ್ದು. ಬರ್ತೀನಿ. ನೀನು ಊಟ ಮಾಡಿದಿ?”

ಕಣ್ಣೊರೆಸಿಕೊಂಡದ್ದು ಹನುಮಂತುವಿಗೆ ಕಾಣಲಿಲ್ಲ. ನೆಟ್‌ವರ್ಕ್ ಸರಿ ಇರಲಿಲ್ಲ ಎನ್ನೋಣ. ಅಂದು ಅವನು ಹೊಟ್ಟೆ ತುಂಬ ಉಂಡ.

ಭಾನುವಾರ ಕಣೇಕಲ್ಲಿನ ಸಣ್ಣತಿಮ್ಮಪ್ಪ, ಹೆಂಡತಿ ಚಿತ್ತಮ್ಮ, ಮಗಳು ಮೌನಿಕಾ ಮೂವರೂ ಬಂದರು. ಮಡಕಶಿರದಿಂದ ಮಾವನೂ ಬಂದು ಕೂತಿದ್ದರು. ಹೋಟೆಲಿನಿಂದ ತರಿಸಿದ ಉಪ್ಪಿಟ್ಟು ನಡುಮನೆಯಲ್ಲಿ ಸುತ್ತು ಹಾಕಿತು.

“ಯಾಕ್ರಿ, ಮನ್ಯಾಗ ಹೆಣ್ಣುಮಕ್ಕಳು ಯಾರೂ ಕಾಣವಲ್ರು?” ಎಂದರು ಚಿತ್ತಮ್ಮ.

ದುರ್ಗಾ ಮಡಕಶಿರಕ್ಕೆ ಹೋಗಿದ್ದಾಳೆ ಎಂದುಬಿಟ್ಟ ಹನುಮಂತು. ಸುಳ್ಳು ಹೇಳುವ ಅವಸರದಲ್ಲಿ ಪಕ್ಕದಲ್ಲಿ ಯಾರು ಕೂತಿದ್ದಾರೆಂಬುದೇ ಅವನಿಗೆ ಮರೆತುಹೋಗಿತ್ತು.

“ನಮ್ಮೂರಿಗಾ?” ಲಕ್ಷ್ಮೀನರಸಪ್ಪ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. “ನಾನು ನೋಡ್ಲೇ ಇಲ್ವಲ್ಲೋ! ಸುಳ್ಳು ಯಾಕೆ, ಅವಳು ಜಪಾನ್‌ನಾಗೆ ಓದ್ತಾವ್ಳೆ ಕಣ್ರೀ. ಇವ್ನು ಮದ್ವೆ ನೆಪ ಹೇಳಿ ವಾಪಸ್ ಕರೆಸ್ತಾವ್ನೆ.”

ಸಣ್ಣತಿಮ್ಮಪ್ಪ ಹೆಂಡತಿಯ ಮುಖ ನೋಡಿದರು. ಚಿತ್ತಮ್ಮ ಬಾಗಿಲ ಕಡೆ ನೋಡಿದರು. ಹನುಮಂತು ನೆಲ ನೋಡಿದ. ಪರುವು ಹೋಗುವ ಸದ್ದು ಅವನಿಗೊಬ್ಬನಿಗೇ ಕೇಳಿಸುತ್ತಿತ್ತು.

“ಫೋನ್ ಹಚ್ರಿ,” ಅಂದಳು ಮೌನಿಕಾ. ಬಂದಾಗಿನಿಂದ ಅವಳಾಡಿದ ಮೊದಲ ಮಾತು ಅದು.

ಹನುಮಂತು ಫೋನ್ ಹಚ್ಚಿದ. ಪರದೆಯ ಮೇಲೆ ದುರ್ಗಾ ಕಾಣಿಸಿಕೊಂಡಳು. ಒಂದೊಂದೇ ಬಟ್ಟೆ ಮಡಚಿ ಸೂಟ್‌ಕೇಸಿಗೆ ಹಾಕುತ್ತಿದ್ದಳು. ಮೌನಿಕಾ ಅವನ ಕೈಯಿಂದ ಫೋನ್ ತೆಗೆದುಕೊಂಡಳು.

“ಅತ್ತೇರ, ಬಟ್ಟಿ ಹೊರಗ ತೆಗೀರಿ. ನೀವು ಓದು ಮುಗಿಸ್ಕೊಂಡು ಬಂದಮ್ಯಾಲನ ನಾನು ನಿಮ್ಮ ಮಗನ್ನ ಮದುವಿ ಆಗೂದು. ಅಲ್ಲೀತನಕ ಇವ್ರು ಕಾಯ್ಲಿ.”